ಆನೆ ಬಿದ್ದ ಗೊಬ್ಬರಕ್ಕೆ ನನ್ನ ಸಹಿ

ಸಮುದ್ರದ ನೀರಿನ ಅಕ್ವೇರಿಯಂ ನೋಡಿ ಮೆಚ್ಚುವವರು ಅದರ ಕೆಳಗಿನ ಕಪಾಟನ್ನು ತೆರೆದು ನೋಡುವುದಿಲ್ಲ. ಮೇಲೆ ಕಿತ್ತಳೆ ಬಣ್ಣದ ಮೀನು, ನೇರಳೆ ಹವಳ, ನೀಲಿ ದೀಪ. ಕೆಳಗೆ ಮುಚ್ಚಿದ ಬಾಗಿಲಿನ ಹಿಂದೆ ಸ್ಕಿಮ್ಮರ್ ಎಂಬ ಕೊಳವೆಯೊಂದು ಬಿಡುವಿಲ್ಲದೆ ನೊರೆ ಎಬ್ಬಿಸುತ್ತಿರುತ್ತದೆ. ಮೀನು ತಿಂದು ಬಿಟ್ಟದ್ದು, ಅದರ ಮಲ, ನೀರಿನ ಜಿಡ್ಡು ಎಲ್ಲವೂ ಆ ನೊರೆಗೆ ಅಂಟಿ ಮೇಲೇರಿ ಒಂದು ಬಟ್ಟಲಿನಲ್ಲಿ ಕೂಡಿಕೊಳ್ಳುತ್ತದೆ. ವಾರಕ್ಕೊಮ್ಮೆ ಆ ಬಟ್ಟಲನ್ನು ಖಾಲಿ ಮಾಡುವುದು ನನ್ನ ಕೆಲಸ. ಅದರ ಬಣ್ಣ ಗಟ್ಟಿ ಡಿಕಾಕ್ಷನ್ನಿನದು. ವಾಸನೆಯ ಬಗ್ಗೆ ಹೇಳದಿರುವುದೇ ಮೇಲು.

ಕೊಯಮತ್ತೂರಿನ ಎಂಟು ಮನೆಗಳು, ತಿರುಪ್ಪೂರಿನ ಆರು ಬನಿಯನ್ ಕಂಪನಿಗಳ ಮುಂಗೋಣೆಗಳು, ಒಟ್ಟು ಹದಿನಾಲ್ಕು ತೊಟ್ಟಿಗಳ ಕೊಳೆಯನ್ನು ಮುಚ್ಚಳ ಬಿಗಿದ ಕ್ಯಾನುಗಳಲ್ಲಿ ಮನೆಗೆ ತಂದು ಚರಂಡಿಗೆ ಸುರಿಯುತ್ತಿದ್ದೆ. ಜೊತೆಗೆ, ನೀರು ತಿಳಿಯಾಗಲೆಂದು ತೊಟ್ಟಿಯ ಅಡಿಯಲ್ಲಿ ಬೆಳೆಸುವ ಹಸಿರು ಪಾಚಿಯ ಉಂಡೆಗಳೂ ಇರುತ್ತಿದ್ದವು. ಅದು ಬೆಳೆದಂತೆಲ್ಲ ಅರ್ಧ ಕಿತ್ತು ಎಸೆಯಬೇಕು. ಎಸೆಯುವುದನ್ನು ನೋಡಿದಾಗೆಲ್ಲ ಅಮ್ಮ ಗೊಣಗುತ್ತಿದ್ದಳು.

"ಇಷ್ಟು ಒಳ್ಳೆ ಎರುವನ್ನ ಸಾಕ್ಕಡೆಗೆ ಊತ್ತೀಯಲ್ಲ. ಮಾಡಿ ಮೇಲೆ ಸೆಡಿಗೆ ಹಾಕೇ."

ನಮ್ಮ ಮನೆಯ ಕನ್ನಡದಲ್ಲಿ ಗೊಬ್ಬರ ಎರುವಾಗಿ, ಗಿಡ ಸೆಡಿಯಾಗಿ, ಮಾಳಿಗೆ ಮಾಡಿಯಾಗಿ, ಚರಂಡಿ ಸಾಕ್ಕಡೆಯಾಗಿ ಮೂರು ತಲೆಮಾರಾಯಿತು. ಆಡುವುದು ಕನ್ನಡ, ಓದಿ ಬರೆಯುವುದು ತಮಿಳು. ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುವ ಐದಾರು ಮನೆಗಳಿವೆ, ಕನ್ನಡದ ಪುಸ್ತಕ ಒಂದರಲ್ಲೂ ಇಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಅಮ್ಮನ ಮಾತು ಕೇಳಿ ಒಂದು ಕ್ಯಾನು ಕೊಳೆಯನ್ನು ಮಾಳಿಗೆಯ ಕುಂಡಗಳಿಗೆ ಹೊಯ್ದೆ. ಎಂಟನೇ ದಿನಕ್ಕೆ ಕರಿಬೇವಿನ ಎಲೆಗಳ ತುದಿ ಕಂದಿ, ಅಂಚು ಸುಟ್ಟು, ಗಿಡ ಬೋಳಾಯಿತು. ದಾಸವಾಳವೂ ಹೋಯಿತು. ಹದಿನೈದು ವರ್ಷ ಉಪ್ಪು ನೀರಿನಲ್ಲಿ ಮೊಣಕೈವರೆಗೆ ಅದ್ದಿಕೊಂಡು ಕೆಲಸ ಮಾಡಿದವಳಿಗೆ ಕೊಳೆಯಲ್ಲೂ ಅದೇ ಉಪ್ಪಿರುತ್ತದೆ ಎನ್ನುವುದು ಹೊಳೆಯಲಿಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟಳು. ಸಲಹೆ ಕೊಟ್ಟವಳು ತಾನೇ ಎನ್ನುವುದನ್ನು ಅನುಕೂಲವಾಗಿ ಮರೆತಿದ್ದಳು.

ನನಗೆ ಹಟ ಬಂತು. ಆ ಕೊಳೆಯಲ್ಲಿ ಗಿಡಕ್ಕೆ ಬೇಕಾದ್ದೆಲ್ಲ ಇದೆ, ಉಪ್ಪೊಂದನ್ನು ಬಿಡಿಸಬೇಕು ಅಷ್ಟೆ. ಡ್ರಮ್ಮಿನಲ್ಲಿ ಕೊಳೆ ತುಂಬಿ ಒಂದು ದಿನ ಅಲ್ಲಾಡಿಸದೆ ಇಟ್ಟರೆ ಕೆಸರು ಕೆಳಗೆ ಕೂರುತ್ತದೆ. ಮೇಲಿನ ಉಪ್ಪು ನೀರನ್ನು ಪೈಪಿನಿಂದ ಎಳೆದು ತೆಗೆದು, ಅಷ್ಟೇ ಸಿಹಿನೀರು ತುಂಬಿ, ಕದಡಿ, ಮತ್ತೆ ಕೂರಲು ಬಿಡಬೇಕು. ಹೀಗೆ ಮೂರು ಸಲ. ಪಾಚಿಯನ್ನು ತೊಳೆದು ಹೆಚ್ಚಬೇಕು. ಪೊಳ್ಳಾಚಿ ಕಡೆಯಿಂದ ಬರುವ ತೆಂಗಿನ ನಾರಿನ ಹುಡಿಯಲ್ಲೂ ಉಪ್ಪಿರುತ್ತದೆ, ಅದನ್ನೂ ತೊಳೆಯಬೇಕು. ಇವೆಲ್ಲವನ್ನೂ ತರಗೆಲೆ, ಸಗಣಿಯ ಜೊತೆ ರಾಶಿ ಹಾಕಿ, ವಾರಕ್ಕೊಮ್ಮೆ ಮಗುಚುತ್ತ, ಒಣಗದಂತೆ ನೀರು ಚಿಮುಕಿಸುತ್ತ ನಲವತ್ತೈದು ದಿನ ಕಾಯಬೇಕು. ಕೊನೆಗೆ ಒಂದು ಅಳತೆ ಗೊಬ್ಬರಕ್ಕೆ ಐದು ಅಳತೆ ಶುದ್ಧ ನೀರು ಬೆರೆಸಿ, ಸೋಸಿ, ಮೀಟರ್ ಅದ್ದಬೇಕು. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ತೋರಿಸುವ ಆ ಅಂಕೆಗೆ ಇಸಿ ಎನ್ನುತ್ತಾರೆ. ಸಮುದ್ರದ ನೀರಿನದು ಐವತ್ತು ದಾಟುತ್ತದೆ. ನನ್ನ ಗೊಬ್ಬರ ಎರಡು ದಾಟಬಾರದು ಎಂದು ಗೆರೆ ಹಾಕಿಕೊಂಡೆ.

ಒಂಬತ್ತು ತಿಂಗಳು, ಹನ್ನೊಂದು ರಾಶಿ. ಕೆಲವು ಕೊಳೆತವು, ಒಂದರಲ್ಲಿ ಹುಳು ಬಿತ್ತು, ಒಂದರ ವಾಸನೆಗೆ ಪಕ್ಕದ ಮನೆಯವರು ಜಗಳಕ್ಕೆ ಬಂದರು. ಹನ್ನೊಂದನೆಯದು ಒಂದೂವರೆಯಲ್ಲಿ ನಿಂತಿತು, ಹಿಡಿದು ಮೂಸಿದರೆ ಮಣ್ಣಿನ ವಾಸನೆ. ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಮಿಳಿನಲ್ಲಿ ಬರೆದಿಟ್ಟೆ. ‘ನಲ್ಲಿ ನೀರಿನಲ್ಲಿ ಮೂರು ಸಲ ತೊಳೆಯುವುದು’ ಎಂದು ಬರೆದೆ. ನಮ್ಮ ನಲ್ಲಿಯಲ್ಲಿ ಬರುವುದು ಸಿರುವಾಣಿ ಹೊಳೆಯ ಸಿಹಿನೀರು. ಕೊಯಮತ್ತೂರಿನವರು ಅದರ ರುಚಿಯ ಬಗ್ಗೆ ಊರೂರಲ್ಲಿ ಜಂಬ ಕೊಚ್ಚುತ್ತೇವೆ, ಆದರೆ ನೀರೆಂದರೆ ಎಲ್ಲ ಕಡೆಯೂ ಹಾಗೇ ಇರುತ್ತದೆ ಎಂದು ಒಳಗೊಳಗೇ ನಂಬಿರುತ್ತೇವೆ. ನಾನೂ ನಂಬಿದ್ದೆ.

ಆ ಒಳ್ಳೆಯ ರಾಶಿಯ ಎರಡು ಚೀಲವನ್ನು ಸಿರುಮುಗೈಗೆ ಒಯ್ದೆ. ಅಲ್ಲಿ ನಮಗೆ ಪರಿಚಯದ ನೇಕಾರ ಹೆಂಗಸೊಬ್ಬಳಿದ್ದಳು, ಅರವತ್ತು ದಾಟಿದವಳು. ಅಮ್ಮನೊಂದಿಗೆ ರೇಷ್ಮೆ ಸೀರೆ ಕೊಳ್ಳಲು ಹೋದಾಗ ನಮ್ಮ ಮಾತು ಕೇಳಿ, "ನಮ್ಮ ಭಾಷೆನಾ ಕಣ್ಣು?" ಎಂದು ಒಳಗೆ ಕರೆದು ಮಜ್ಜಿಗೆ ಕೊಟ್ಟವಳು. ಅಂದಿನಿಂದ ನನಗೆ ಅವಳು ದೊಡ್ಡಮ್ಮ, ಅವಳಿಗೆ ನಾನು ‘ಕಣ್ಣು’, ಎಂದರೆ ಮುದ್ದಿನ ಮಗಳು. ಕಣ್ಣು ಜರಿಯ ಎಳೆ ಹಿಡಿಯದಾದ ಮೇಲೆ ಮಗ್ಗ ಬಿಟ್ಟು, ಮನೆಯ ಹಿಂದಿನ ತುಂಡು ಜಾಗದಲ್ಲಿ ಇಪ್ಪತ್ತೆಂಟು ಮಲ್ಲಿಗೆ ಬಳ್ಳಿ ನೆಟ್ಟಿದ್ದಳು. ಮೊಗ್ಗು ಬಿಡಿಸುವುದಕ್ಕೆ ಕಣ್ಣು ಬೇಡ, ಬೆರಳು ಸಾಕು ಎನ್ನುತ್ತಿದ್ದಳು. ಸಂಜೆ ಆ ಬೀದಿಯ ಹೆಂಗಸರೆಲ್ಲ ಹೂವಿಗೆ ಅವಳ ಬಾಗಿಲಿಗೇ ಬರುತ್ತಿದ್ದರು. ಮಗ್ಗ ಬಿಟ್ಟವಳಿಗೆ ಉಳಿದಿದ್ದ ಕೆಲಸ ಅದೊಂದೇ.

ಜನವರಿಯಲ್ಲಿ ಬಳ್ಳಿ ಕತ್ತರಿಸಿ ಬುಡಕ್ಕೆ ನನ್ನ ಗೊಬ್ಬರ ಹಾಕಿದಳು. ಆ ಬೇಸಿಗೆಯಲ್ಲಿ ಮೊಗ್ಗು ಬಿಡಿಸಿ ಬಿಡಿಸಿ ಸಾಕಾಯಿತೆಂದು ಫೋನು ಮಾಡಿ ದೂರಿದಳು. ಅಂಥ ಹಿತವಾದ ದೂರನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಇನ್ನು ನನ್ನ ಪಾಲುದಾರನಾದವನ ವಿಷಯ. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಗುಣಮಟ್ಟ ನೋಡುವ ಇಂಜಿನಿಯರ್. ದಾವಣಗೆರೆ ಕಡೆಯವನು, ಬಂದು ಎರಡು ವರ್ಷವಾಗಿತ್ತು. ಅವರ ಮುಂಗೋಣೆಯ ತೊಟ್ಟಿಯನ್ನು ನಾನು ತೊಳೆಯುತ್ತಿದ್ದಾಗ ಫೋನಿನಲ್ಲಿ ಅಮ್ಮನ ಜೊತೆ ನಾನಾಡಿದ ಮಾತು ಅವನ ಕಿವಿಗೆ ಬಿತ್ತು. "ಅಕ್ಕಾ, ನೀವು ಕನ್ನಡದವರಾ?" ಎಂದು ಓಡಿಬಂದ. ಆಮೇಲೆ ಪ್ರತಿ ಶನಿವಾರ ನನಗಾಗಿ ಚಹಾ ತರಿಸಿಡುತ್ತಿದ್ದ. ನನ್ನ ಗೊಬ್ಬರದ ಕಥೆಯನ್ನು ಅಷ್ಟು ಗಮನವಿಟ್ಟು ಕೇಳಿದವರು ಬೇರೊಬ್ಬರಿಲ್ಲ. ತಮ್ಮನಿಲ್ಲದ ನನಗೆ ತಮ್ಮ ಸಿಕ್ಕಿದ ಎಂದು ಅಮ್ಮನ ಹತ್ತಿರ ಹೇಳಿಕೊಂಡೆ. ಈಗ ಬರೆಯುವಾಗ ಆ ಮಾತು ಬಾಯಲ್ಲಿ ಕಹಿಯಾಗುತ್ತದೆ.

ಮಾಳಿಗೆ ಸಾಲದಾಗಿತ್ತು, ಕೈತೋಟದವರ ವಾಟ್ಸಪ್ ಗುಂಪಿನಲ್ಲಿ ಕೇಳುವವರು ಹೆಚ್ಚಾಗಿದ್ದರು. ಕುನ್ನತ್ತೂರಿನ ಹತ್ತಿರ ಒಂದು ಹೊಲದ ಶೆಡ್ಡು ಖಾಲಿಯಿದೆ, ತಾನೇ ನೋಡಿಕೊಳ್ಳುತ್ತೇನೆ ಎಂದ. ಒಪ್ಪಿದೆ. ಕೊಳೆಯ ಕ್ಯಾನುಗಳನ್ನು ನಾನು ಶೆಡ್ಡಿಗೆ ತಲುಪಿಸುವುದು, ತೊಳೆದು ರಾಶಿ ಹಾಕುವುದು ಅವನು, ಶನಿವಾರ ನಾನು ಹೋಗಿ ನೋಡುವುದು. ಮೊದಲ ದಿನವೇ ಅವನು ಉದ್ದನೆಯ ರಿಜಿಸ್ಟರ್ ಒಂದನ್ನು ಮೇಜಿನ ಮೇಲಿಟ್ಟ.

"ನಿಮ್ಮ ನೋಟ್‌ಬುಕ್ ತಮಿಳಲ್ಲಿದೆ, ನನಗೆ ಓದೋಕೆ ಬರಲ್ಲ. ನೀವು ಹೇಳಿ, ನಾನು ಬರ್ಕೋತೀನಿ. ಕಂಪನಿಯಲ್ಲಿ ದಿನವಿಡೀ ಇಂಗ್ಲಿಷ್ ಬರೆದು ಸಾಕಾಗಿದೆ ಅಕ್ಕಾ, ಇದೊಂದನ್ನಾದ್ರೂ ಕನ್ನಡದಲ್ಲಿ ಇಡೋಣ. ಅಂಕೆ ಕೂಡ ನಮ್ಮದೇ. ನಿಮಗೆ ಓದೋಕೆ ಬರುತ್ತಲ್ಲ?"

ಹಿಂದಿನ ವಾರವಷ್ಟೇ ಅವನು ಇನ್ಯಾರದೋ ಬಗ್ಗೆ ಹೇಳಿದ್ದ. ಇಲ್ಲಿನ ಕನ್ನಡದವರು ಮಾತಾಡುತ್ತಾರೆ, ಒಂದಕ್ಷರ ಓದಲು ಬರುವುದಿಲ್ಲ, ಪಾಪ ಎಂದು. ಆ ‘ಪಾಪ’ ನನಗೆ ಎಲ್ಲೋ ಚುಚ್ಚಿತ್ತು.

"ಬರುತ್ತೆ" ಎಂದೆ.

ಅವನು ಬರೆದ. ಪುಟದ ತುಂಬ ಗುಂಡಗಿನ ಅಕ್ಷರಗಳು. ನನಗೆ ಹೆಮ್ಮೆಯಾಯಿತು, ನಾಚಿಕೆಯೂ ಆಯಿತು. ಪ್ರತಿ ಸಾಲಿನ ಕೊನೆಗೆ ನನ್ನ ಸಹಿಗೆ ಒಂದು ಕಾಲಂ. ಅವರ ಕಂಪನಿಯಲ್ಲಿ ಹಾಗೆಯೇ ಪದ್ಧತಿಯಂತೆ, ಸಹಿಯಿಲ್ಲದೆ ಒಂದು ಬನಿಯನ್ನೂ ಮುಂದಿನ ಮೇಜಿಗೆ ಹೋಗುವುದಿಲ್ಲ. ಶನಿವಾರ ಹೋದಾಗ ಅವನು ಪುಟ ತೆರೆದು ಬೆರಳಿಟ್ಟು ತೋರಿಸುತ್ತಿದ್ದ. ನಾನು ಓದುವವಳ ಹಾಗೆ ಕಣ್ಣಾಡಿಸುತ್ತಿದ್ದೆ. ಎಷ್ಟು ಹೊತ್ತು ನೋಡಿದರೆ ಓದಿದ ಹಾಗೆ ಕಾಣುತ್ತದೆ ಎಂಬ ಲೆಕ್ಕವೂ ಅಭ್ಯಾಸವಾಗಿತ್ತು. ಆಮೇಲೆ ಕೇಳುತ್ತಿದ್ದೆ.

"ಇಸಿ ಎಷ್ಟಪ್ಪಾ?"

"ಎರಡರೊಳಗೇ ಇದೆ ಅಕ್ಕಾ. ತಲೆ ಕೆಡಿಸ್ಕೋಬೇಡಿ."

ಸಹಿ ಹಾಕುತ್ತಿದ್ದೆ, ತಮಿಳಿನಲ್ಲಿ. ಮೊದಲೆರಡು ರಾಶಿಗಳಿಗೆ ನಾನೇ ಮೀಟರ್ ಅದ್ದಿ ನೋಡಿದ್ದೆ, ಸ್ವಲ್ಪ ಮೇಲಿದ್ದರೂ ಪರವಾಗಿಲ್ಲ ಎನ್ನಿಸಿತ್ತು. ಆಮೇಲೆ ನನ್ನ ಎರಡು ದೊಡ್ಡ ತೊಟ್ಟಿಗಳಲ್ಲಿ ಮೀನುಗಳಿಗೆ ಬಿಳಿ ಚುಕ್ಕೆ ರೋಗ ಬಂತು. ಬೆಳಗಾದರೆ ಔಷಧ, ಸಂಜೆಯಾದರೆ ನೀರು ಬದಲಾಯಿಸುವುದು. ಶೆಡ್ಡಿನಲ್ಲಿ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. ತಮ್ಮ ಇದ್ದಾನಲ್ಲ ಎಂಬ ಧೈರ್ಯ.

ಮರುವರ್ಷ ಜನವರಿಯಲ್ಲಿ ಎಂಟನೆಯ ರಾಶಿಯಿಂದ ನಾಲ್ಕು ಚೀಲವನ್ನು ನಾನೇ ವ್ಯಾನಿನಲ್ಲಿ ಹಾಕಿಕೊಂಡು ಸಿರುಮುಗೈಗೆ ಹೋದೆ. ಬಳ್ಳಿಗಳನ್ನು ಆಗಲೇ ಕತ್ತರಿಸಿಯಾಗಿತ್ತು. ದೊಡ್ಡಮ್ಮ ಒಂದು ಹಿಡಿ ಗೊಬ್ಬರ ಎತ್ತಿ ಮೂಗಿನ ಹತ್ತಿರ ಹಿಡಿದಳು.

"ಪೋನ ವರುಷದ್ದೇನಾ ಇದು? ಬಣ್ಣ ಸ್ವಲ್ಪ ಬೆಳ್ಳೆಯಾ ಇದೆ."

ಹೋದ ವರ್ಷದ ಹಾಗೆಯೇ ಮಾಡಿದ್ದು, ಒಣಗಿದ್ದಕ್ಕೆ ಬೆಳ್ಳಗೆ ಕಾಣುತ್ತದೆ ಎಂದೆ. ಅದು ಒಣಗಿದ್ದರ ಬಿಳುಪಲ್ಲ, ಉಪ್ಪು ಹೂ ಬಿಟ್ಟದ್ದು ಎಂದು ನನ್ನ ಕಸುಬಿನವಳಿಗೆ ಗೊತ್ತಾಗಬೇಕಿತ್ತು.

"ನೀನು ಪಾತ್ತಿದ್ದೀಯಲ್ಲ ಕಣ್ಣು?"

"ನಾನೇ ನೋಡಿದ್ದೀನಿ ದೊಡ್ಡಮ್ಮ" ಎಂದೆ.

ಫೆಬ್ರವರಿಯ ಎರಡನೇ ವಾರ ಅವಳ ಫೋನು ಬಂತು. ಬಳ್ಳಿ ಚಿಗುರಿತ್ತು, ಚಿಗುರೆಲ್ಲ ಕಂದುತ್ತಿದೆ, ರೋಗವೇನೋ ಬಂದು ನೋಡು ಎಂದಳು. ಹೋಗಿ ಮೊದಲ ಬಳ್ಳಿಯ ಮುಂದೆ ಕುಳಿತೆ. ತುದಿ ಕಂದು, ಅಂಚು ಸುಟ್ಟ ಹಾಗೆ, ಮಧ್ಯ ಇನ್ನೂ ಹಸಿರು. ಅಮ್ಮನ ಕರಿಬೇವು ನೆನಪಾಯಿತು. ಬುಡದ ಮಣ್ಣಿನ ಮೇಲೆ ಬಿಳಿ ಪೊರೆ. ಬೆರಳಿಗೆ ತೆಗೆದು ನಾಲಿಗೆಗೆ ಇಟ್ಟೆ. ಮೀಟರ್ ಬೇಕಿರಲಿಲ್ಲ. ಆದರೂ ಉಳಿದಿದ್ದ ಅರ್ಧ ಚೀಲದಿಂದ ಅಳತೆ ಮಾಡಿ ನೀರಿಗೆ ಬೆರೆಸಿ ಸೋಸಿ ಅದ್ದಿದೆ. ಏಳು ದಾಟಿ ನಿಂತಿತು.

ಅಲ್ಲಿಂದಲೇ ಅವನಿಗೆ ಫೋನು ಮಾಡಿದೆ. ಏಳು ಎಂದೆ.

"ರಿಜಿಸ್ಟರ್‌ನಲ್ಲಿ ಎಲ್ಲಾ ಬರೆದಿಟ್ಟಿದ್ದೀನಿ ಅಕ್ಕಾ. ನೀವು ನೋಡಿ ಸಹಿ ಮಾಡಿದ್ದೀರಲ್ಲ" ಎಂದ.

ಅಕ್ಕಾ ಎನ್ನುವ ಧ್ವನಿ ಅದೇ, ಏನೂ ಬದಲಾಗಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

ಮೊದಲು ಬಳ್ಳಿ ಉಳಿಯಬೇಕು. ಬುಡದ ಗೊಬ್ಬರವನ್ನು ಮೇಲಿನ ಎರಡಂಗುಲ ಮಣ್ಣಿನ ಸಮೇತ ಕೆರೆದು ತೆಗೆದೆವು. ಉಪ್ಪನ್ನು ಬೇರಿಗಿಂತ ಕೆಳಕ್ಕೆ ಇಳಿಸಲು ಒಳ್ಳೆಯ ನೀರನ್ನು ನಿಧಾನವಾಗಿ, ಹರಿದು ಹೋಗದ ಹಾಗೆ, ಮಣ್ಣು ಕುಡಿದಷ್ಟೂ ಹೊಯ್ಯಬೇಕು. ಅದೃಷ್ಟಕ್ಕೆ ಅವಳ ನಲ್ಲಿಯದು ಭವಾನಿ ಹೊಳೆಯ ಸಿಹಿನೀರು. ಬಳ್ಳಿಗೆ ಹತ್ತು ಕೊಡ, ಎರಡು ದಿನ ಬಿಟ್ಟು ಮತ್ತೆ ಹತ್ತು. ಮಣ್ಣಿಗೆ ಅಂಟಿದ ಉಪ್ಪು ಬಿಡಲೆಂದು ನಡುವೆ ಒಂದು ಸಲ ಜಿಪ್ಸಂ. ವಾರಕ್ಕೆ ಮೂರು ದಿನ ನಾನು ಬೆಳಗಿನ ಬಸ್ಸಿನಲ್ಲಿ ಹೋಗಿ ನೀರು ಹೊತ್ತೆ.

ನನ್ನ ಪಾಲುದಾರ ಮೋಸ ಮಾಡಿದ ಎಂದು ದೊಡ್ಡಮ್ಮನಿಗೆ ಹೇಳಿದ್ದೆ. ಅವಳು ಕಟ್ಟೆಯ ಮೇಲೆ ಕುಳಿತು ಅವನಿಗೆ ಎರಡೂ ಭಾಷೆಗಳಲ್ಲಿ ಶಾಪ ಹಾಕುತ್ತಿದ್ದಳು.

"ನಿನ್ನಂಥ ಅಪ್ಪಾವಿಯನ್ನ ಏಮಾತ್ತಿದ್ದಾನೆ ನೋಡು. ವಿಳಂಗುವಾನಾ ಅವನು?" ಎಂದು ನನಗೆ ಕಾಪಿ ಕೊಡುತ್ತಿದ್ದಳು. ಅಪ್ಪಾವಿ ಎಂದರೆ ಮುಗ್ಧೆ, ಏನೂ ಅರಿಯದವಳು; ಅಂಥವಳಿಗೆ ಮೋಸ ಮಾಡಿದವನು ಉದ್ಧಾರವಾಗುತ್ತಾನಾ ಎಂಬುದು ಅವಳ ಶಾಪ. ಆ ಕಾಪಿ ರುಚಿಯಾಗಿತ್ತು ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ.

ಮುಂದಿನ ಶನಿವಾರ ಅವನು ಇಲ್ಲದಾಗ ಕುನ್ನತ್ತೂರಿಗೆ ಹೋಗಿ ರಿಜಿಸ್ಟರ್ ತಂದೆ. ಶೆಡ್ಡಿನ ಕೊಳವೆಬಾವಿಯ ನೀರಿಗೂ ಮೀಟರ್ ಅದ್ದಿದೆ. ಬರಿಯ ನೀರೇ ಮೂರು ತೋರಿಸಿತು. ಆ ನೀರಿನಲ್ಲಿ ಮೂರಲ್ಲ ಮೂವತ್ತು ಸಲ ತೊಳೆದರೂ ಉಪ್ಪು ಇಳಿಯುವುದಿಲ್ಲ. ನಲವತ್ತೈದು ದಿನ ಅದನ್ನೇ ಚಿಮುಕಿಸಿದರೆ ನೀರು ಆವಿಯಾಗಿ ಉಪ್ಪು ರಾಶಿಯಲ್ಲೇ ಕೂರುತ್ತದೆ. ಸಿರುವಾಣಿಯ ಜಂಬದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ಅದು ನನ್ನ ತಪ್ಪು. ಆದರೆ ಅವನ ಮೇಜಿನ ಮೇಲೂ ಮೀಟರ್ ಇತ್ತಲ್ಲ.

ಮನೆಗೆ ಬಂದು ರಿಜಿಸ್ಟರ್ ತೆರೆದು ಕುಳಿತೆ. ಅವನು ಏನು ಬರೆದಿದ್ದಾನೆ? ಅಮ್ಮನಿಗೂ ಓದಲು ಬಾರದು. ಫೋನಿನ ಕ್ಯಾಮೆರಾ ಹಿಡಿದರೆ ಅವನ ಗುಂಡಗಿನ ಕೈಬರಹಕ್ಕೆ ಅದು ಬಾಯಿಗೆ ಬಂದದ್ದು ಒದರಿತು. ಓದುವವರನ್ನು ಹುಡುಕಿ ಕೇಳಬಹುದಿತ್ತು. ಆದರೆ ಪುಟಪುಟಕ್ಕೂ ನನ್ನದೇ ಸಹಿ ಇರುವ ಪುಸ್ತಕವನ್ನು ಇನ್ನೊಬ್ಬರ ಮುಂದಿಟ್ಟು ಇದರಲ್ಲಿ ಏನಿದೆ ಎಂದು ಕೇಳುವ ಮುಖ ನನಗಿರಲಿಲ್ಲ. ಮಕ್ಕಳ ಅಕ್ಷರಮಾಲೆಯ ಚಾರ್ಟ್ ತರಿಸಿ, ಮನೆಯ ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದೆ. ಕೊಳೆ ತೊಳೆದ ಹಾಗೆಯೇ ಇದೂ, ಒಂದೇ ಸಲಕ್ಕೆ ತಿಳಿಯಾಗುವುದಿಲ್ಲ. ತಮಿಳಿನಲ್ಲಿ ಒಂದೇ ‘ಕ’ ಇರುವಲ್ಲಿ ಇಲ್ಲಿ ನಾಲ್ಕು. ಒತ್ತಕ್ಷರಗಳು ಕಾಲ ಕೆಳಗೆ ಅಡಗಿ ಕುಳಿತಿರುತ್ತಿದ್ದವು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಈ ವಯಸ್ಸಲ್ಲಿ ಎನ್ನತ್ತುಕ್ಕು ಇದು?"

"ಎರು ಕೆಟ್ಟದ್ದು ಯಾಕೆ ಅಂತ ನೋಡೋಕೆ" ಎಂದೆ.

ಮೊದಲು ಅಂಕೆಗಳು ಬಂದವು. ನೋಡಲು ಚಂದವಿದ್ದ ಆ ಸುರುಳಿಗಳು ಅಂಕೆಗಳಾಗುತ್ತಿದ್ದಂತೆ ಒಂದೊಂದನ್ನೇ ನನ್ನ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ನಾಲ್ಕನೆಯ ರಾಶಿ ೩.೯. ಐದನೆಯದು ೪.೮. ಎಂಟನೆಯದು ೭.೧. ಎರಡರೊಳಗಿನ ಅಂಕೆ ಇಡೀ ಪುಸ್ತಕದಲ್ಲಿ ಒಂದೂ ಇರಲಿಲ್ಲ. ಪಕ್ಕದಲ್ಲಿ ನನ್ನ ಸಹಿ, ನೆಟ್ಟಗೆ, ಅವಸರವಿಲ್ಲದೆ ಹಾಕಿದ್ದು.

ಮೂರು ವಾರಕ್ಕೆ ಷರಾ ಕಾಲಂ ಓದುವಷ್ಟಾದೆ. ಐದನೆಯ ರಾಶಿಗೆ, ‘ಬೋರ್ ನೀರಿನ ಇಸಿಯೇ ಮೂರು. ಮೇಡಂ ಗಮನಕ್ಕೆ ತರಲಾಗಿದೆ.’ ಎಂಟನೆಯದಕ್ಕೆ, ‘ನೀರಿನ ಅಭಾವದಿಂದ ಒಂದೇ ಸಲ ತೊಳೆಯಲಾಗಿದೆ. ಮೇಡಂ ಒಪ್ಪಿಗೆಯ ಮೇರೆಗೆ ಕಳಿಸಲಾಗಿದೆ.’ ಎದುರಿಗೆ ಅಕ್ಕಾ, ಪುಸ್ತಕದಲ್ಲಿ ಮೇಡಂ. ಬಾಯಲ್ಲಿ ಎರಡರೊಳಗೆ, ಪುಸ್ತಕದಲ್ಲಿ ಏಳು. ಸುಳ್ಳನ್ನು ಗಾಳಿಗೆ ಹೇಳಿ, ನಿಜವನ್ನು ನನಗೆ ಓದಲು ಬಾರದ ಜಾಗದಲ್ಲಿ ಜೋಪಾನವಾಗಿ ಇಟ್ಟಿದ್ದ.

ಓದಲು ಬರುವುದಿಲ್ಲ ಎಂದು ಅವನಿಗೆ ಗೊತ್ತಾದದ್ದು ಹೇಗೆ? ನಾನಂತೂ ಹೇಳಿರಲಿಲ್ಲ. ಆ ಉತ್ತರ ಮೂರನೆಯ ರಾಶಿಯ ಷರಾದಲ್ಲಿತ್ತು. ಕಷ್ಟದ ಒತ್ತಕ್ಷರಗಳಿಲ್ಲದ ಸಾಲು, ಆದರೂ ಓದಿದ್ದು ತಪ್ಪಿರಬೇಕೆಂದು ನಾಲ್ಕು ಸಲ ಓದಿದೆ. ‘ಈ ರಾಶಿಯೊಳಗೆ ಒಂದು ಆನೆ ಬಿದ್ದಿದೆ. ಆನೆಯನ್ನು ತೆಗೆಯದೆ ಚೀಲ ಕಟ್ಟಲಾಗಿದೆ.’ ಅದರ ಪಕ್ಕದಲ್ಲೂ ನನ್ನ ಸಹಿಯಿತ್ತು.

ಆ ಶನಿವಾರ ನನಗೆ ನೆನಪಿದೆ. ನಾನು ಪುಟ ನೋಡುತ್ತಿದ್ದಾಗ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಚಹಾ ಆರುತ್ತದೆ ಅಕ್ಕಾ ಎಂದಿದ್ದ. ಎಷ್ಟು ಅಕ್ಕರೆ ಎಂದುಕೊಂಡಿದ್ದೆ.

ಅವರ ಕಂಪನಿಯ ತೊಟ್ಟಿಯ ಮುಂದೆಯೇ ಅವನನ್ನು ಹಿಡಿದೆ. ಗಾಜು ಉಜ್ಜುತ್ತಿದ್ದೆ, ತೋಳು ಒದ್ದೆಯಾಗಿತ್ತು. ಓದಿದೆ ಎಂದೆ. ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಧ್ವನಿ ಏರಿಸಲಿಲ್ಲ.

"ಒಂದೂ ಸುಳ್ಳು ಬರೆದಿಲ್ಲ ಅಕ್ಕಾ."

"ಬಾಯಲ್ಲಿ ಎರಡರೊಳಗೆ ಅಂದೆಯಲ್ಲಪ್ಪಾ."

"ಬಾಯಲ್ಲಿ ಹೇಳಿದ್ದು ಯಾವ ಲೆಕ್ಕ? ಆರ್ಡರ್ ಇತ್ತು, ಬೋರ್ ಸೊರಗಿತ್ತು, ಏನ್ ಮಾಡ್ಲಿ? ನಮ್ಮ ಕೆಲಸದಲ್ಲಿ ಹೀಗೇ. ಕೊನೇ ಸಹಿ ಯಾರದ್ದೋ ಡಿಫೆಕ್ಟ್ ಅವರದು."

"ಆನೆ?"

ಅವನು ಮೀನುಗಳ ಕಡೆ ತಿರುಗಿದ.

"ನೀವು ಓದ್ತೀರೋ ಇಲ್ವೋ ಅಂತ ನೋಡ್ದೆ. ಓದಿದ್ರೆ ನಗ್ತಿದ್ರಿ, ಅಲ್ಲಿಗೆ ಮುಗೀತಿತ್ತು."

ಬಕೀಟು, ಪೈಪು ಎತ್ತಿಕೊಂಡು ಹೊರಗೆ ಬಂದೆ. ಆ ತೊಟ್ಟಿಯ ಕೆಲಸ ಬಿಟ್ಟೆ, ಶೆಡ್ಡಿಗೆ ಮತ್ತೆ ಹೋಗಲಿಲ್ಲ, ಚೀಲ ತೆಗೆದುಕೊಂಡವರಿಗೆಲ್ಲ ಹಾಕಬೇಡಿ ಎಂದು ತಿಳಿಸಿದೆ. ಆದರೆ ಹೊಟ್ಟೆಯ ಉರಿ ಆರಲಿಲ್ಲ. ಉಪ್ಪಿನ ವಿಷಯವನ್ನು ಒಂದು ದಿನ ಮರೆಯಬಹುದೇನೋ. ನನ್ನ ನಾಚಿಕೆಯನ್ನು ಮೂಸಿ ನೋಡಿ, ಅಳೆದು, ಅದಕ್ಕೆ ತಕ್ಕ ಹಾಗೆ ಕೆಲಸ ಮಾಡಿದನಲ್ಲ, ಅದನ್ನು ಮರೆಯಲಾರೆ. ಕನ್ನಡ ಎಂದು ಓಡಿಬಂದವನು ಅದೇ ಕನ್ನಡದ ಹಿಂದೆ ಬಚ್ಚಿಟ್ಟುಕೊಂಡ.

ಸಿರುಮುಗೈಯಲ್ಲಿ ಏಪ್ರಿಲ್ ಹೊತ್ತಿಗೆ ಹತ್ತೊಂಬತ್ತು ಬಳ್ಳಿ ಮತ್ತೆ ಚಿಗುರಿದವು. ಒಂಬತ್ತು ಹೋದವು. ಆ ವರ್ಷ ಬೀದಿಯ ಹೆಂಗಸರು ಹೂವಿಗೆ ಬೇರೆ ಬಾಗಿಲಿಗೆ ಹೋದರು. ದೊಡ್ಡಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾನು ಅಪ್ಪಾವಿಯಾಗಿಯೇ ಇದ್ದೆ. ರಿಜಿಸ್ಟರ್ ಅವಳಿಗೆ ತೋರಿಸುವ ಅಗತ್ಯ ಯಾರಿಗೂ ಇರಲಿಲ್ಲ. ಅವಳಿಗೂ ಕನ್ನಡ ಓದಲು ಬಾರದು. ಸುಮ್ಮನಿದ್ದರೆ ಕಾಪಿ ಬರುತ್ತಿತ್ತು, ಶಾಪವೆಲ್ಲ ಅವನ ಪಾಲಿಗೆ ಹೋಗುತ್ತಿತ್ತು. ಎರಡು ವಾರ ಹಾಗೆಯೇ ಸುಮ್ಮನಿದ್ದೆ. ಆಮೇಲೆ ಒಂದು ಬೆಳಿಗ್ಗೆ ಆ ಕಾಪಿಯನ್ನು ಅರ್ಧಕ್ಕೇ ಕೆಳಗಿಟ್ಟೆ. ನನಗೆ ತಿಳಿಯದ್ದನ್ನು ತಿಳಿದವಳ ಹಾಗೆ ನಟಿಸಿದ್ದನ್ನು ಅವನು ಬಳಸಿಕೊಂಡ. ಅವಳಿಗೆ ತಿಳಿಯದ್ದನ್ನು ನಾನು ಈಗ ಬಳಸಿಕೊಳ್ಳುತ್ತಿದ್ದೆ.

ಮುಂದಿನ ಸಲ ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತು, ಓದಲು ಬರುತ್ತದೆ ಎಂದು ನಾನು ಹೇಳಿದ ಸುಳ್ಳಿನಿಂದ ಶುರುಮಾಡಿ ಎಲ್ಲ ಹೇಳಿದೆ. ಆಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದಿದೆ. ಎಂಟನೆಯ ರಾಶಿ ಮೊದಲು, ಅದು ಅವಳದು. ಕೊನೆಗೆ ಮೂರನೆಯದು.

"ತಿರುಗ ಓದು" ಎಂದಳು.

ಓದಿದೆ.

"ಆನೆನಾ?"

"ಹೌದು ದೊಡ್ಡಮ್ಮ."

ಅವಳಿಗೆ ನಗು ಬಂತು. ಆ ಕಡೆಯ ತೋಟಗಳಿಗೆ ಆನೆ ಇಳಿಯುವುದು ಹೊಸದಲ್ಲ, ಗೊಬ್ಬರದೊಳಗೆ ಬಿದ್ದ ಆನೆಯನ್ನು ಮಾತ್ರ ಅವಳು ಕೇಳಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ನಾನೂ ನಕ್ಕೆ, ಬದುಕಿದೆ ಎಂದುಕೊಂಡೆ. ಆಮೇಲೆ ಅವಳು ರಿಜಿಸ್ಟರನ್ನು ತನ್ನ ತೊಡೆಗೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿ, ನನ್ನ ಸಹಿ ಎಲ್ಲಿದೆ ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು.

"ಆನೆ ಬಿದ್ದಿದೆ ಅಂತ ಬರೆದಿದ್ದಾನೆ, ಅದಕ್ಕೂ ಕೈಯೆಳುತ್ತು ಹಾಕಿದ್ದೀಯ."

"ಹೌದು."

"ಅವತ್ತು ಇಲ್ಲಿ ನಿಂತು ನನ್ನ ಹತ್ರ ‘ನಾನೇ ನೋಡಿದ್ದೀನಿ’ ಅಂದೆಯಲ್ಲ ಕಣ್ಣು. ಅದೂ ಇಂಥ ಕೈಯೆಳುತ್ತೇನಾ?"

ಹೌದೆಂದೆ. ಅವಳು ರಿಜಿಸ್ಟರ್ ಮುಚ್ಚಿ ನನ್ನ ಕೈಗೆ ಕೊಟ್ಟಳು. ನಲ್ಲಿಯ ಕೆಳಗಿದ್ದ ಕೊಡವನ್ನು ಕಣ್ಣಿನಲ್ಲೇ ತೋರಿಸಿ, ಇವತ್ತು ಎಲ್ಲಾ ಸಾಲಿಗೂ ನೀರು ಬಿಡುವ ದಿನ ಎಂದಳು. ಆಮೇಲೆ ಎದ್ದು ಒಳಗೆ ಹೋದಳು. ನಾನು ಹತ್ತೊಂಬತ್ತು ಬಳ್ಳಿಗೂ ನೀರು ಹೊಯ್ದು ಮುಗಿಸುವವರೆಗೆ ಅವಳು ಹೊರಗೆ ಬರಲಿಲ್ಲ, ಕಾಪಿಯೂ ಬರಲಿಲ್ಲ.